ಟ್ಯೂಬಿಂಗೆನ್: ಕೋಟೆಯನ್ನು ಅಡುಗೆಮನೆಯಿಂದ ಓದುವುದು

ಜರ್ಮನಿಯ ಕೋಟೆಯೂರುಗಳೆಂದರೆ ಹೈಡೆಲ್‌ಬರ್ಗ್, ನ್ಯೂರೆಂಬರ್ಗ್ ಎಂದು ಎಲ್ಲರೂ ಹೇಳುತ್ತಾರೆ. ಟ್ಯೂಬಿಂಗೆನ್ ಹೆಸರು ಬಹಳ ಹಿಂದೆ ಉಳಿಯುತ್ತದೆ. ಕನ್ನಡ ಸಾಹಿತ್ಯ ಓದಿದವರು ಅದನ್ನು ಕಿಟೆಲ್ ಅವರ ಜೀವನಚರಿತ್ರೆಯ ಕೊನೆಯ ಸಾಲುಗಳಲ್ಲಿ ಕಂಡಿರುತ್ತಾರೆ; ಜೀವಶಾಸ್ತ್ರ ಓದಿದವರು ಡಿಎನ್ಎ ಪಾಠದ ಮೊದಲ ಪ್ಯಾರಾದಲ್ಲಿ ಕಂಡು ಮುಂದೆ ಹೋಗಿರುತ್ತಾರೆ. ಎರಡೂ ಒಂದೇ ಊರಿನ ಕಥೆ ಎಂಬುದನ್ನು ಜೋಡಿಸಿಕೊಂಡರೆ ಈ ಅಧ್ಯಾಯ ಮರೆಯುವುದಿಲ್ಲ.

ಇಡೀ ಟಿಪ್ಪಣಿಗೆ ದಾರ ಒಂದೇ. ಈ ಊರಿನ ಹೋಹೆನ್‌ಟ್ಯೂಬಿಂಗೆನ್ ಕೋಟೆ ಯುದ್ಧದಲ್ಲಿ ಹೇಳಿಕೊಳ್ಳುವಂಥದ್ದೇನೂ ಮಾಡಲಿಲ್ಲ. ಸೈನಿಕರು, ಡ್ಯೂಕರು ಜಾಗ ಖಾಲಿ ಮಾಡಿದ ಮೇಲೆಯೇ ಅದರ ನಿಜವಾದ ಇತಿಹಾಸ ಶುರುವಾಗುತ್ತದೆ.

ನೆಲದ ಪರಿಚಯ

ಊರು ಇರುವುದು ನೈಋತ್ಯ ಜರ್ಮನಿಯಲ್ಲಿ, ಸ್ಟುಟ್‌ಗಾರ್ಟ್‌ನಿಂದ ದಕ್ಷಿಣಕ್ಕೆ ಸುಮಾರು 30 ಕಿ.ಮೀ. ದೂರದಲ್ಲಿ. ಒಂದು ಬದಿಗೆ ನೆಕರ್ ನದಿ, ಇನ್ನೊಂದು ಬದಿಗೆ ಅದರ ಉಪನದಿ ಅಮ್ಮರ್. ನಡುವಿನ ಏಣಿನಂಥ ಗುಡ್ಡದ ಮೇಲೆ ಕೋಟೆ, ಅದರ ಪೂರ್ವದ ಇಳಿಜಾರಿನಲ್ಲಿ ಹಳೆಯ ಪೇಟೆ. 1435ರಲ್ಲಿ ಕಟ್ಟಿದ ಪುರಭವನ, ಅದರ ಮುಖಕ್ಕೆ 1511ರ ಖಗೋಳ ಗಡಿಯಾರ, ಕಡಿದಾದ ಕಲ್ಲುಹಾಸಿನ ಬೀದಿಗಳು, ಮರದ ಚೌಕಟ್ಟಿನ ಮನೆಗಳು ಎಲ್ಲವೂ ಇನ್ನೂ ಇವೆ. ಎರಡನೆಯ ಮಹಾಯುದ್ಧದ ಬಾಂಬುಗಳಿಂದ ಹಳೆಯ ಪೇಟೆ ಹೆಚ್ಚು ಕಡಿಮೆ ಪಾರಾಯಿತು. ಇಂದಿನ ಜನಸಂಖ್ಯೆ ಸುಮಾರು 90 ಸಾವಿರ. ಅದರಲ್ಲಿ ಕಾಲುಭಾಗಕ್ಕಿಂತ ಹೆಚ್ಚು ವಿದ್ಯಾರ್ಥಿಗಳು.

ಕೋಟೆಯ ಮೊದಲ ಉಲ್ಲೇಖ 1078ರದು. 1342ರಲ್ಲಿ ಸ್ಥಳೀಯ ಒಡೆಯರು ಸಾಲದ ಭಾರ ತಾಳಲಾರದೆ ಊರು, ಕೋಟೆ ಎರಡನ್ನೂ ವುರ್ಟೆಂಬರ್ಗ್ ಮನೆತನಕ್ಕೆ ಮಾರಿದರು. 1477ರಲ್ಲಿ ಕೌಂಟ್ ಎಬರ್‌ಹಾರ್ಟ್ ಇಲ್ಲಿ ವಿಶ್ವವಿದ್ಯಾಲಯ ಸ್ಥಾಪಿಸಿದ. ಪಠ್ಯಪುಸ್ತಕಗಳು ಇಷ್ಟಕ್ಕೇ ನಿಲ್ಲುತ್ತವೆ. ಅದೇ ವರ್ಷ ಊರಿನ ಯಹೂದಿಗಳನ್ನು ಹೊರಹಾಕಿದ್ದೂ ಅವನೇ. ವಿಶ್ವವಿದ್ಯಾಲಯದ ಹೆಸರಿನಲ್ಲಿ ಅವನ ಹೆಸರು ಇಂದಿಗೂ ಇದೆ; ಅದನ್ನು ಉಳಿಸಿಕೊಳ್ಳಬೇಕೇ ಎಂಬ ವಾದ ಈ ಶತಮಾನದಲ್ಲಿಯೂ ನಡೆದಿದೆ.

1514: ತೂಕದ ಕಲ್ಲು ನದಿಗೆ

ಪರೀಕ್ಷೆಯ ದೃಷ್ಟಿಯಿಂದ ಮುಖ್ಯವಾದದ್ದು ಟ್ಯೂಬಿಂಗೆನ್ ಒಪ್ಪಂದ. ವುರ್ಟೆಂಬರ್ಗ್ ನಾಡಿನ ಒಡೆಯ ಡ್ಯೂಕ್ ಉಲ್ರಿಷ್ ದುಂದುಗಾರ. ಅವನ ಸಾಲ ಸುಮಾರು 9 ಲಕ್ಷ ಗುಲ್ಡೆನ್ (ಆಗಿನ ನಾಣ್ಯ) ಮುಟ್ಟಿತ್ತು. ಹೊಸ ತೆರಿಗೆಗೆ ಅವನು ಹೂಡಿದ ಉಪಾಯ ವಿಚಿತ್ರವಾದದ್ದು: ಬೆಲೆ ಹಾಗೆಯೇ ಇರಲಿ, ತೂಕದ ಕಲ್ಲುಗಳನ್ನು ಹಗುರ ಮಾಡಿ! ಮಾಂಸ ಕೊಳ್ಳುವವನು ಅದೇ ಹಣಕ್ಕೆ ಕಡಿಮೆ ಮಾಂಸ ಪಡೆಯುತ್ತಾನೆ, ವ್ಯತ್ಯಾಸ ಖಜಾನೆಗೆ ಹೋಗುತ್ತದೆ. ಬಡವನ ಬುಟ್ಟಿಗೆ ಕೈ ಹಾಕುವ ತೆರಿಗೆ ಇದು.

1514ರ ವಸಂತದಲ್ಲಿ ರೆಮ್ಸ್ ಕಣಿವೆಯ ಬಾಯ್ಟೆಲ್ಸ್‌ಬಾಖ್ ಎಂಬ ಹಳ್ಳಿಯ ಪೀಟರ್ ಗೈಸ್ ಈ ಹೊಸ ಕಲ್ಲುಗಳನ್ನು ಎತ್ತಿಕೊಂಡು ನದಿಯ ದಂಡೆಗೆ ನಡೆದ. ಕಲ್ಲು ತೇಲಿದರೆ ಡ್ಯೂಕನದು ನ್ಯಾಯ, ಮುಳುಗಿದರೆ ರೈತರದು ಎಂದು ಸಾರಿ ನೀರಿಗೆ ಎಸೆದ. ಕಲ್ಲು ಮುಳುಗಿತು, ದಂಗೆ ಎದ್ದಿತು. ಇತಿಹಾಸದಲ್ಲಿ ಇದರ ಹೆಸರು ‘ಬಡ ಕೊನ್ರಾಡ್’ ದಂಗೆ.

ಹೆದರಿದ ಉಲ್ರಿಷ್ ಟ್ಯೂಬಿಂಗೆನ್‌ನಲ್ಲಿ ಸಭೆ ಕರೆದ. 1514ರ ಜುಲೈ 8ರ ಒಪ್ಪಂದದಂತೆ ಅವನ ಸಾಲವನ್ನು ತೀರಿಸುವ ಹೊಣೆಯನ್ನು ಮಠಾಧಿಪತಿಗಳೂ ಪಟ್ಟಣಗಳ ಪ್ರಮುಖರೂ ಹೊತ್ತುಕೊಂಡರು. ಬದಲಿಗೆ ಡ್ಯೂಕ್ ಕೆಲವು ಮಾತು ಕೊಟ್ಟ: ಅವರ ಒಪ್ಪಿಗೆಯಿಲ್ಲದೆ ಯುದ್ಧಕ್ಕೆ ಇಳಿಯುವಂತಿಲ್ಲ, ವಿಚಾರಣೆಯಿಲ್ಲದೆ ಶಿಕ್ಷೆಯಿಲ್ಲ, ನಾಡು ಬಿಟ್ಟು ಹೋಗುವವರನ್ನು ತಡೆಯುವಂತಿಲ್ಲ. ಇದನ್ನು ದೊರೆಯ ಅಧಿಕಾರಕ್ಕೆ ಮಿತಿ ಹಾಕಿದ ಇಂಗ್ಲೆಂಡಿನ ಮ್ಯಾಗ್ನಾ ಕಾರ್ಟಾಕ್ಕೆ ಹೋಲಿಸುವ ರೂಢಿ ಇದೆ. ನನಗೆ ಆ ಹೋಲಿಕೆ ಅತಿಯೆನಿಸುತ್ತದೆ. ಕಲ್ಲನ್ನು ನದಿಗೆ ಎಸೆದವರಿಗೆ ಆ ಸಭೆಯಲ್ಲಿ ಜಾಗವೇ ಇರಲಿಲ್ಲ. ಒಪ್ಪಂದದ ಬೆನ್ನಿಗೇ ಅವರ ದಂಗೆಯನ್ನು ಬಗ್ಗುಬಡಿಯಲಾಯಿತು. ಉತ್ತರ ಬರೆಯುವಾಗ ಈ ಎರಡನೆಯ ಭಾಗವನ್ನು ಬಿಡಬೇಡಿ.

ಐದೇ ವರ್ಷದಲ್ಲಿ, 1519ರಲ್ಲಿ, ದಕ್ಷಿಣ ಜರ್ಮನಿಯ ಅರಸರು, ನಗರಗಳು ಸೇರಿದ ಸ್ವಾಬಿಯನ್ ಕೂಟದ ಸೈನ್ಯ ಉಲ್ರಿಷ್‌ನನ್ನು ನಾಡಿನಿಂದ ಓಡಿಸಿತು. ಅವನ ಮಕ್ಕಳಿದ್ದ ಟ್ಯೂಬಿಂಗೆನ್ ಕೋಟೆ ಹೆಚ್ಚು ದಿನ ನಿಲ್ಲದೆ ಶರಣಾಯಿತು. 1534ರಲ್ಲಿ ಮರಳಿ ಬಂದ ಉಲ್ರಿಷ್ ಪ್ರಾಟೆಸ್ಟೆಂಟ್ ಸುಧಾರಣೆ ತಂದ. ಕೋಟೆಯನ್ನು ದಪ್ಪ ಸುತ್ತುಗೋಪುರಗಳೊಂದಿಗೆ ಭದ್ರಗೊಳಿಸಿದ. 1647ರಲ್ಲಿ ಫ್ರೆಂಚ್ ಪಡೆ ಸುರಂಗ ತೋಡಿ ಮದ್ದು ಸಿಡಿಸಿ ಒಂದು ಗೋಪುರವನ್ನೇ ಉರುಳಿಸಿತು. ಕೋಟೆಯ ರಣಚರಿತ್ರೆ ಇಷ್ಟೇ. 17ನೇ ಶತಮಾನದ ಆರಂಭದ ಹೊರಬಾಗಿಲು ಮಾತ್ರ ನಿಂತು ನೋಡುವಂಥದ್ದು: ಆಗಿನ ಡ್ಯೂಕ್ ಫ್ರೀಡ್ರಿಷ್ ತನಗೆ ಸಿಕ್ಕ ಇಂಗ್ಲೆಂಡಿನ ಗಾರ್ಟರ್ ಎಂಬ ವೀರಪದವಿಯ ಲಾಂಛನವನ್ನು ಅದರ ಫ್ರೆಂಚ್ ಘೋಷವಾಕ್ಯದ ಸಮೇತ ಅಲ್ಲಿ ಕೆತ್ತಿಸಿದ. ಜರ್ಮನ್ ಗುಡ್ಡದ ಮೇಲೆ ಇಂಗ್ಲಿಷ್ ಬಿರುದು, ಅದೂ ಫ್ರೆಂಚಿನಲ್ಲಿ.

ಅಡುಗೆಮನೆಯಲ್ಲಿ ಕೀವು

1816ರಲ್ಲಿ ಕೋಟೆ ವಿಶ್ವವಿದ್ಯಾಲಯದ ಕೈಗೆ ಬಂತು. ಒಂದೊಂದು ಕೋಣೆ ಒಂದೊಂದು ವಿಷಯದ ಪಾಲಾಯಿತು. ಈಶಾನ್ಯ ಗೋಪುರದಲ್ಲಿ ಮೊದಲೇ ವೀಕ್ಷಣಾಲಯವಿತ್ತು. ಖಗೋಳಜ್ಞ ಬೋನೆನ್‌ಬರ್ಗರ್ ಅವರ ನೇತೃತ್ವದಲ್ಲಿ 1818ರಿಂದ ವುರ್ಟೆಂಬರ್ಗ್ ರಾಜ್ಯದ ಭೂಮಾಪನ ನಡೆದಾಗ ಎಲ್ಲ ಅಳತೆಗಳಿಗೂ ಸೊನ್ನೆ ಬಿಂದು ಅದೇ ಗೋಪುರವಾಯಿತು. ಅರಮನೆಯ ಅಡುಗೆಮನೆ ರಸಾಯನಶಾಸ್ತ್ರದ ಪ್ರಯೋಗಾಲಯವಾಯಿತು. ಒಲೆ, ಹೊಗೆಗೂಡು, ನೀರಿನ ಸೌಕರ್ಯ, ಬೆಂಕಿಗೆ ಜಗ್ಗದ ಕಲ್ಲಿನ ಕಮಾನು: ಕಾಯಿಸಿ ಬಟ್ಟಿ ಇಳಿಸುವವರಿಗೆ ಬೇಕಾದದ್ದೆಲ್ಲ ಆಗಲೇ ಅಲ್ಲಿತ್ತು.

ಫೆಲಿಕ್ಸ್ ಹೊಪ್ಪೆ-ಸೈಲರ್ ಇಲ್ಲಿ ರಕ್ತದ ಕೆಂಪು ವಸ್ತುವಿನ ಮೇಲೆ ಕೆಲಸ ಮಾಡಿ 1864ರಲ್ಲಿ ಅದಕ್ಕೆ ಹಿಮೊಗ್ಲೋಬಿನ್ ಎಂಬ ಹೆಸರಿಟ್ಟರು. 1868ರಲ್ಲಿ ಅವರ ಬಳಿಗೆ ಸ್ವಿಟ್ಜರ್‌ಲೆಂಡಿನ ಬಾಸೆಲ್‌ನ ತರುಣ ವೈದ್ಯ ಫ್ರೀಡ್ರಿಷ್ ಮೀಶರ್ ಬಂದರು. ಕಾಯಿಲೆಯಿಂದ ಕಿವಿ ಮಂದವಾಗಿದ್ದ ಅವರಿಗೆ ರೋಗಿಗಳನ್ನು ನೋಡುವುದಕ್ಕಿಂತ ಪ್ರಯೋಗಾಲಯವೇ ಸರಿಯೆನಿಸಿತ್ತು. ಅವರಿಗೆ ಬೇಕಿದ್ದದ್ದು ಬಿಡಿಬಿಡಿಯಾಗಿ ಸಿಗುವ ಜೀವಕೋಶಗಳು. ಪ್ರತಿಜೀವಕಗಳಿಲ್ಲದ ಕಾಲವದು, ಶಸ್ತ್ರಚಿಕಿತ್ಸೆಯ ಗಾಯಗಳೆಲ್ಲ ಕೀವುಗಟ್ಟುತ್ತಿದ್ದವು, ಕೀವಿನ ತುಂಬ ಬಿಳಿ ರಕ್ತಕಣಗಳು. ಹಾಗಾಗಿ ಆಸ್ಪತ್ರೆ ಎಸೆಯುತ್ತಿದ್ದ ಬ್ಯಾಂಡೇಜುಗಳನ್ನು ತರಿಸಿಕೊಂಡರು.

ಹಂತಗಳನ್ನು ಕ್ರಮವಾಗಿ ನೆನಪಿಡಿ. ಮೊದಲು ಬ್ಯಾಂಡೇಜನ್ನು ಸೋಡಿಯಂ ಸಲ್ಫೇಟ್ ದ್ರಾವಣದಲ್ಲಿ ತೊಳೆದು ಕೋಶಗಳು ಒಡೆಯದಂತೆ ಬೇರ್ಪಡಿಸಿದರು. ಆಮೇಲೆ ಹಂದಿಯ ಜಠರದಿಂದ ತೆಗೆದ ಪೆಪ್ಸಿನ್ ಬಳಸಿ ಪ್ರೊಟೀನನ್ನು ಕರಗಿಸಿದರು. ಕೋಶಕೇಂದ್ರಗಳು ಮಾತ್ರ ಉಳಿದವು. ಅವುಗಳಿಂದ ಸಿಕ್ಕ ವಸ್ತು ಕ್ಷಾರದಲ್ಲಿ ಕರಗಿತು, ಆಮ್ಲ ಹಾಕಿದರೆ ಮತ್ತೆ ತಳಕ್ಕಿಳಿಯಿತು. ಅದರಲ್ಲಿ ರಂಜಕ ಹೇರಳವಾಗಿತ್ತು. ಪ್ರೊಟೀನ್ ಹೀಗೆ ವರ್ತಿಸುವುದಿಲ್ಲ, ಅದರಲ್ಲಿ ಅಷ್ಟು ರಂಜಕವೂ ಇರುವುದಿಲ್ಲ. ಆದ್ದರಿಂದ ಇದು ಹೊಸ ವಸ್ತು. 1869ರಲ್ಲಿ ಸಿಕ್ಕ ಇದನ್ನು ಮೀಶರ್ ‘ನ್ಯೂಕ್ಲೀನ್’ ಎಂದು ಕರೆದರು. ಇಂದು ನಾವು ಡಿಎನ್ಎ ಎನ್ನುವುದು ಅದರಲ್ಲಿಯೇ ಇತ್ತು.

ಪ್ರಕಟಣೆ ಬಂದದ್ದು 1871ರಲ್ಲಿ. ಎರಡು ವರ್ಷ ಏಕೆ ಹಿಡಿಯಿತು? ಹೊಪ್ಪೆ-ಸೈಲರ್ ಶಿಷ್ಯನ ಮಾತನ್ನು ಹಾಗೆಯೇ ನಂಬಲಿಲ್ಲ. ಪ್ರಯೋಗವನ್ನು ತಾವೇ ಮತ್ತೆ ಮಾಡಿ ನೋಡಿ, ಆಮೇಲೆ ತಮ್ಮ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಇದನ್ನು ಗುರುವಿನ ಅಸೂಯೆ ಎಂದು ಬರೆಯುವವರಿದ್ದಾರೆ. ನನ್ನ ಮಟ್ಟಿಗೆ ಇದು ವಿಜ್ಞಾನ ನಡೆಯಬೇಕಾದ ರೀತಿ. ಆ ಅಡುಗೆಮನೆ ಈಗ ಚಿಕ್ಕ ವಸ್ತುಸಂಗ್ರಹಾಲಯ. ಮುಂದೆ ಮೀಶರ್ ಸಾಲ್ಮನ್ ಮೀನಿನ ವೀರ್ಯದಿಂದ ತೆಗೆದ ನ್ಯೂಕ್ಲೀನ್ ಇರುವ ಗಾಜಿನ ನಳಿಕೆಯೊಂದು ಅಲ್ಲಿದೆ.

ಕೋಟೆಯಲ್ಲಿಯೇ ಇರುವ ಇನ್ನೊಂದು ವಸ್ತುಸಂಗ್ರಹಾಲಯದಲ್ಲಿ ಮಹಾಗಜದ (ಮ್ಯಾಮತ್) ದಂತದಲ್ಲಿ ಕೆತ್ತಿದ ಪುಟ್ಟ ಕುದುರೆ ಇದೆ. ಉದ್ದ 5 ಸೆಂ.ಮೀ.ಗೂ ಕಡಿಮೆ, ವಯಸ್ಸು ಸುಮಾರು 40 ಸಾವಿರ ವರ್ಷ. 1931ರಲ್ಲಿ ಫೋಗೆಲ್‌ಹೆರ್ಡ್ ಗುಹೆಯಲ್ಲಿ ಸಿಕ್ಕಿತು. ಆ ಪ್ರದೇಶದ ಗುಹೆಗಳು 2017ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು.

ನಿಘಂಟುಗಳ ಊರು

ಅಡುಗೆಮನೆಯಲ್ಲಿ ಕೀವು ತೊಳೆಯುತ್ತಿದ್ದ ಕಾಲದಲ್ಲಿಯೇ ಕೋಟೆಯ ದೊಡ್ಡ ಸಭಾಂಗಣದಲ್ಲಿ ವಿಶ್ವವಿದ್ಯಾಲಯದ ಗ್ರಂಥಾಲಯವಿತ್ತು. 1912ರವರೆಗೂ ಅದು ಅಲ್ಲಿಯೇ ಇತ್ತು. ಅದರ ಮುಖ್ಯಸ್ಥರಾಗಿ ದಶಕಗಳ ಕಾಲ ದುಡಿದ ರುಡಾಲ್ಫ್ ರೋಟ್, ಸಂಸ್ಕೃತ ವಿದ್ವಾಂಸ ಬೋಟ್‌ಲಿಂಕ್ ಅವರ ಜೊತೆಗೂಡಿ ಸಿದ್ಧಪಡಿಸಿದ್ದು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ 1855ರಿಂದ 1875ರವರೆಗೆ ಅಚ್ಚಾದ ಬೃಹತ್ ಸಂಸ್ಕೃತ ನಿಘಂಟು. ವೈದಿಕ ಪದಗಳ ಭಾಗ ರೋಟ್ ಅವರದು.

ಗುಡ್ಡದ ಕೆಳಗೆ, ನೆಕರ್ ಬದಿಗೆ, ಸ್ಟಿಫ್ಟ್ ಎಂಬ ಧರ್ಮಶಾಸ್ತ್ರದ ವಿದ್ಯಾರ್ಥಿನಿಲಯ. 1536ರಲ್ಲಿ ಇದನ್ನು ಸ್ಥಾಪಿಸಿದವನು ಅದೇ ಉಲ್ರಿಷ್. ಖಗೋಳಜ್ಞ ಕೆಪ್ಲರ್, ತತ್ವಜ್ಞಾನಿಗಳಾದ ಹೆಗೆಲ್, ಶೆಲ್ಲಿಂಗ್ ಇಲ್ಲಿ ಓದಿದವರು. ಪ್ರತಿಭಾವಂತ ಹುಡುಗರನ್ನು ಆರಿಸಿ, ಊಟ ವಸತಿ ಕೊಟ್ಟು, ಗ್ರೀಕ್ ಹೀಬ್ರೂ ಬಾಯಿಗೆ ಬರುವ ತನಕ ಅರೆಯುತ್ತಿದ್ದ ಜಾಗ ಅದು. ಆ ಭಾಷಾಶಿಸ್ತಿನ ಫಲ ನಮ್ಮ ಕರಾವಳಿಗೂ ತಲುಪಿತು. ಸ್ಟಿಫ್ಟ್‌ನಲ್ಲಿ ಓದಿದ ಹರ್ಮನ್ ಮೋಗ್ಲಿಂಗ್ 1836ರಲ್ಲಿ ಬಾಸೆಲ್ ಮಿಷನ್ ಪರವಾಗಿ ಮಂಗಳೂರಿಗೆ ಬಂದರು, 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರತಂದರು, ಹಳೆಯ ಕನ್ನಡ ಕಾವ್ಯಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದರು. ಆ ಕೆಲಸಕ್ಕೆ ಟ್ಯೂಬಿಂಗೆನ್ ವಿಶ್ವವಿದ್ಯಾಲಯ 1858ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. ಮಲಯಾಳ ನಿಘಂಟಿನ ಹರ್ಮನ್ ಗುಂಡರ್ಟ್ ಕೂಡ ಸ್ಟಿಫ್ಟ್‌ನವರೇ. ಅವರ ಕಾಗದಪತ್ರಗಳ ದೊಡ್ಡ ಸಂಗ್ರಹ ಇಂದು ಟ್ಯೂಬಿಂಗೆನ್ ಗ್ರಂಥಾಲಯದಲ್ಲಿದೆ.

ಇನ್ನು ಕಿಟೆಲ್. ಅವರ ನಿಘಂಟು ಮಂಗಳೂರಿನಲ್ಲಿ 1894ರಲ್ಲಿ ಪ್ರಕಟವಾಯಿತು, ಸುಮಾರು 70 ಸಾವಿರ ಪದಗಳು. ಆ ಹೊತ್ತಿಗೆ ಅವರು ಟ್ಯೂಬಿಂಗೆನ್‌ನಲ್ಲಿ ನೆಲೆಸಿದ್ದರು; ರೋಟ್ ಆಗಿನ್ನೂ ಬದುಕಿದ್ದರು. 1896ರಲ್ಲಿ ವಿಶ್ವವಿದ್ಯಾಲಯ ಕಿಟೆಲ್ ಅವರಿಗೂ ಡಾಕ್ಟರೇಟ್ ನೀಡಿತು. 1903ರ ಡಿಸೆಂಬರಿನಲ್ಲಿ ಅವರು ತೀರಿಕೊಂಡದ್ದು ಇದೇ ಊರಿನಲ್ಲಿ.

ಗೊಂದಲವಾಗುವ ಜಾಗಗಳು

ಕಿಟೆಲ್ ಟ್ಯೂಬಿಂಗೆನ್‌ನಲ್ಲಿ ಓದಿದರು ಎಂದು ಬರೆಯಬೇಡಿ. ಅವರ ತರಬೇತಿ ಬಾಸೆಲ್‌ನಲ್ಲಿ. ಇಲ್ಲಿ ಓದಿದವರು ಮೋಗ್ಲಿಂಗ್ ಮತ್ತು ಗುಂಡರ್ಟ್. ಕೋಟೆಯ ನೆಲಮಾಳಿಗೆಯಲ್ಲಿ 16ನೇ ಶತಮಾನದ ಒಂದು ದ್ರಾಕ್ಷಾರಸದ ಪೀಪಾಯಿ ಇದೆ, ಸುಮಾರು 84 ಸಾವಿರ ಲೀಟರಿನದು. ಪ್ರವಾಸಿ ಚಿತ್ರಗಳಲ್ಲಿ ಕಾಣುವ ಇನ್ನೂ ದೊಡ್ಡ ಪೀಪಾಯಿ ಹೈಡೆಲ್‌ಬರ್ಗ್‌ನದು, 1751ರದು. ಮೋಡದ ನಡುವೆ ಮೊನಚು ಗೋಪುರಗಳನ್ನು ಎತ್ತಿ ನಿಂತ ಕೋಟೆಯ ಚಿತ್ರ ತೋರಿಸಿದರೆ ಅದು ಹೆಖಿಂಗೆನ್ ಬಳಿಯ ಹೋಹೆನ್‌ಸೋಲರ್ನ್, ಪ್ರಷ್ಯಾ ರಾಜಮನೆತನದ್ದು. ಇಂದು ಕಾಣುವ ರೂಪದಲ್ಲಿ ಅದನ್ನು ಕಟ್ಟಿದ್ದು 19ನೇ ಶತಮಾನದಲ್ಲಿ. ಉಲ್ರಿಷ್ ಕಾಲದಲ್ಲಿ ರೂಪು ಪಡೆದ ಹೋಹೆನ್‌ಟ್ಯೂಬಿಂಗೆನ್‌ಗಿಂತ ಸುಮಾರು ಮುನ್ನೂರು ವರ್ಷ ಕಿರಿಯದು.