ಕೀಟಾಣು ಸತ್ತ ಮೇಲೆ ಆ ಜಾಗಕ್ಕೆ ಬರುವವರು ಯಾರು?

"99.9% ಕೀಟಾಣು ನಾಶ" ಎಂದು ಬರೆದ ಬಾಟಲಿ ಕೊಂಡವರಾರೂ ಖಾಲಿಯಾದ ಆ ಜಾಗ ಆಮೇಲೆ ಯಾರ ಪಾಲಾಯಿತು ಎಂದು ಕೇಳುವುದಿಲ್ಲ. ಬ್ರಿಟಿಷ್ ವಿಜ್ಞಾನಿ ಜಾಕ್ ಗಿಲ್ಬರ್ಟ್ ಕೇಳುತ್ತಾ ಬಂದದ್ದು ಅದನ್ನೇ, ಮೊದಲು ಕಡಲಲ್ಲಿ, ಆಮೇಲೆ ಆಸ್ಪತ್ರೆಯಲ್ಲಿ.

ಅಂಟಾರ್ಕ್ಟಿಕಾದ ಬ್ಯಾಕ್ಟೀರಿಯಾಗಳ ಹಿಮನಿರೋಧಕ ಪ್ರೋಟೀನುಗಳ ಅಧ್ಯಯನದಿಂದ ಶುರುಮಾಡಿದ ಅವರು ಪ್ಲಿಮತ್‌ನ ಸಾಗರ ಪ್ರಯೋಗಾಲಯ ಸೇರಿದರು. ಇಂಗ್ಲಿಷ್ ಕಡಲ್ಗಾಲುವೆಯ 'ಎಲ್4' ಎಂಬ ತಾಣದಿಂದ ಆರು ವರ್ಷ ತಂದ ನೀರಿನಲ್ಲಿ ಬ್ಯಾಕ್ಟೀರಿಯಾ ವೈವಿಧ್ಯ ಪ್ರತಿ ಚಳಿಗಾಲ ಏರಿ, ಬೇಸಿಗೆಯಲ್ಲಿ ಇಳಿಯುತ್ತಿತ್ತು. ಹಗಲಿನ ಉದ್ದ ಗೊತ್ತಿದ್ದರೆ ಈ ಏರಿಳಿತದ ಬಹುಪಾಲನ್ನು ಹೇಳಿಬಿಡಬಹುದಿತ್ತು! ಬೇಸಿಗೆಯಲ್ಲಿ ಕಾಣದಾದವು ಎಲ್ಲಿ ಹೋಗುತ್ತವೆ? ಒಂದೇ ಒಂದು ಮಾದರಿಯ ಡಿಎನ್ಎಯನ್ನು ತಳಮುಟ್ಟ ಓದಿದರು. ಆ ಆರು ವರ್ಷದ 72 ಮಾದರಿಗಳಲ್ಲಿ ಬೇರೆ ಬೇರೆ ತಿಂಗಳು ಸಿಕ್ಕಿದ್ದ ಬಗೆಗಳಲ್ಲಿ ಸುಮಾರು ಶೇ 95 ಅದೊಂದರಲ್ಲೇ ಇದ್ದವು. ಎಲ್ಲಿಗೂ ಹೋಗಿರಲಿಲ್ಲ, ಎಣಿಕೆಗೆ ಸಿಗದಷ್ಟು ವಿರಳವಾಗಿದ್ದವು, ಅಷ್ಟೆ. ಬೇಸಿಗೆಯಿಡೀ ಬರಡಾಗಿದ್ದ ಹೊಲದಲ್ಲಿ ಮೊದಲ ಮಳೆಗೇ ಕಳೆ ಏಳುವುದಿಲ್ಲವೇ, ಹಾಗೆ. ದಿನಕ್ಕೊಮ್ಮೆ ಎರಡಾಗುವ ಒಂದು ಜೀವಕೋಶ, ತಿನ್ನುವವರೂ ವೈರಸ್ಸುಗಳೂ ಬಿಟ್ಟರೆ, 20 ದಿನಕ್ಕೆ ಹತ್ತು ಲಕ್ಷ ದಾಟುತ್ತದೆ. ಪರಿಸರ ಯಾರಿಗೆ ಒದಗುತ್ತದೋ ಅವರದೇ ರಾಜ್ಯ.

ಮುಂದೆ ಅವರು ಷಿಕಾಗೊಗೆ ಬಂದರು. 2013ರಲ್ಲಿ ಅಲ್ಲೊಂದು ಹೊಸ ಆಸ್ಪತ್ರೆ ಬಾಗಿಲು ತೆರೆಯುವ ಮುನ್ನವೇ ಅದರ ನೆಲ, ನಲ್ಲಿಗಳಿಂದ ಮಾದರಿ ತೆಗೆಯಲು ತೊಡಗಿದರು. ರೋಗಿ ದಾಖಲಾದ ದಿನ ಕೋಣೆಯ ಬ್ಯಾಕ್ಟೀರಿಯಾ ಅವರ ಮೈಗೆ ಹತ್ತಿದರೆ, ಮರುದಿನದಿಂದ ರೋಗಿಯ ಚರ್ಮದವೇ ಕೋಣೆ ತುಂಬುತ್ತಿದ್ದವು. ಒರೆಸಿದ ಜಾಗ ಖಾಲಿ ಉಳಿಯಲೇ ಇಲ್ಲ. ಶಸ್ತ್ರಚಿಕಿತ್ಸೆಯ ಕೊಠಡಿಗೆ ಆ ಬಾಟಲಿ ಬೇಕೇ ಬೇಕು. ಮನೆಯ ಹಜಾರಕ್ಕೆ ದಿನಾ ಯಾಕೆ?

2016ರಲ್ಲಿ ಅವರೂ ಇದ್ದ ತಂಡವೊಂದು ಅಮೆರಿಕದ ಎರಡು ಕೃಷಿಕ ಸಮುದಾಯಗಳನ್ನು ಹೋಲಿಸಿತು. ಕುದುರೆ ಕಟ್ಟಿ ಉಳುವ 'ಆಮಿಷ್' ಸಮುದಾಯದ ಮಕ್ಕಳಲ್ಲಿ ಆಸ್ತಮಾ ಶೇ 5ರಷ್ಟು. ಯಂತ್ರಬೇಸಾಯದ ಹಟರೈಟರ ಮಕ್ಕಳಲ್ಲಿ ಶೇ 21. ವಂಶವಾಹಿಗಳಲ್ಲಿ ಹೆಚ್ಚು ಅಂತರವಿಲ್ಲ. ಆಮಿಷರ ಮನೆಯ ದೂಳಿನಲ್ಲಿ ಬ್ಯಾಕ್ಟೀರಿಯಾಗಳ ಅಂಶ ಎಷ್ಟೋ ಪಟ್ಟು ಜಾಸ್ತಿ. ಆ ದೂಳಿನ ಸಾರ ಮೂಗಿಗೆ ಹಾಕಿಸಿಕೊಂಡ ಇಲಿಗಳು ಆಸ್ತಮಾದಿಂದ ಬಚಾವಾದವು. ಜನ್ಮಜಾತ ರೋಗನಿರೋಧಕ ವ್ಯವಸ್ಥೆ ಕೆಡಿಸಿದ ಇಲಿಗಳಲ್ಲಿ ಮಾತ್ರ ಆ ರಕ್ಷಣೆ ಕೆಲಸ ಮಾಡಲಿಲ್ಲ. 2019ರಲ್ಲಿ ಸ್ಯಾನ್ ಡಿಯಾಗೋಗೆ ಹೋದ ಗಿಲ್ಬರ್ಟ್ ಅಲ್ಲಿ ಮಕ್ಕಳ ವೈದ್ಯಶಾಸ್ತ್ರ ವಿಭಾಗವನ್ನೂ ಸಾಗರ ವಿಜ್ಞಾನ ಸಂಸ್ಥೆಯನ್ನೂ ಒಟ್ಟಿಗೇ ಸೇರಿದರು.

ಇಷ್ಟು ಓದಿ ಸಗಣಿ ಬಳಿದುಕೊಂಡರೆ ರೋಗವಿಲ್ಲ ಎಂದು ವಾಟ್ಸ್ಯಾಪಿನಲ್ಲಿ ಹರಡಲು ಹೊರಟವರಿಗೊಂದು ಮಾತು: ಆಮಿಷರ ಅಧ್ಯಯನದಲ್ಲಿ ಅಳೆದದ್ದು ಮನೆಯ ದೂಳು, ಸಗಣಿಯಲ್ಲ, ಬಚಾವಾದವು ಇಲಿಗಳು.