ನೀರಿದ್ದೂ ಬಾಡುವ ಕಡಲೆ ಗಿಡ

ನಿನ್ನೆ ನೆಟ್ಟಗಿದ್ದ ಕಡಲೆ ಗಿಡ ಇವತ್ತು ತಲೆ ಬಾಗಿಸಿದೆ. ಎಲೆ ಇನ್ನೂ ಹಸಿರೇ, ಆದರೆ ಜೋತು ಬಿದ್ದಿದೆ. ನೀರು ಕಮ್ಮಿಯಾಯಿತೇನೋ ಅಂತ ಯಾರಿಗಾದರೂ ಅನಿಸುತ್ತದೆ. ಮಣ್ಣು ಕೆದಕಿದರೆ ಒಳಗೆ ತೇವ ಇದೆ!

ಆ ಗಿಡವನ್ನು ಬೇರು ಸಮೇತ ಕಿತ್ತು ನೋಡಿ. ಬೇರು ಮೇಲ್ನೋಟಕ್ಕೆ ಚೆನ್ನಾಗಿಯೇ ಇರುತ್ತದೆ, ಕೊಳೆತಿರುವುದಿಲ್ಲ. ಈಗ ಕಾಂಡದ ಬುಡವನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ. ಒಳಗೆ ಕಡುಕಂದು ಗೆರೆ ಕಾಣುತ್ತದೆ. ಸೊರಗು ರೋಗದ ಗುರುತು ಇದೇ. ಹಾಗಲ್ಲದೆ, ಕೀಳುವಾಗ ತಾಯಿಬೇರು ಪಟ್ಟನೆ ಮುರಿದು ಮಣ್ಣಲ್ಲೇ ಉಳಿದರೆ ಅದು ಒಣ ಬೇರುಕೊಳೆ ಇರಬಹುದು. ಅದನ್ನು ತರುವ ಶಿಲೀಂಧ್ರವೇ ಬೇರೆ.

ಗೆರೆ ಕಂಡ ಜಾಗದಲ್ಲಿ ಗಿಡದ ನೀರಿನ ಕೊಳವೆಗಳಿವೆ. ಫ್ಯುಸೇರಿಯಂ ಆಕ್ಸಿಸ್ಪೋರಂ ಎಂಬ ಶಿಲೀಂಧ್ರ ಮಣ್ಣಿನಿಂದ ಬೇರಿಗೆ ಹೊಕ್ಕು, ಆ ಕೊಳವೆಗಳೊಳಗೆ ಎಳೆ ಎಳೆಯಾಗಿ ಬೆಳೆಯುತ್ತದೆ. ಮೇಲೇರುವ ನೀರಿನ ಜೊತೆ ಅದರ ಕಣಗಳೂ ಏರುತ್ತವೆ. ಕೊನೆಗೆ ದಾರಿ ಕಟ್ಟಿಕೊಳ್ಳುತ್ತದೆ. ಆಮೇಲೆ ಎಷ್ಟು ನೀರು ಹಾಯಿಸಿದರೂ ಎಲೆಗೆ ಸೇರುವುದಿಲ್ಲ.

ಬಿತ್ತಿದ ಮೂರು ವಾರಕ್ಕೇ ಸೊರಗಿದ ಗಿಡದಿಂದ ಹೆಚ್ಚುಕಮ್ಮಿ ಏನೂ ಸಿಗುವುದಿಲ್ಲ. ಕಾಯಿ ಕಟ್ಟುವಾಗ ಸೊರಗಿದರೆ ಒಂದಿಷ್ಟು ಕಾಳು ಸಿಗುತ್ತದೆ, ಅದೂ ಸಣ್ಣದು, ಸುಕ್ಕಾದದ್ದು. ಸಾಮಾನ್ಯವಾಗಿ ಈ ರೋಗದಿಂದ ಶೇ. 10–15ರಷ್ಟು ಇಳುವರಿ ಹೋಗುತ್ತದೆ ಅನ್ನುವುದು ಒಂದು ಅಂದಾಜು. ವಾತಾವರಣ ರೋಗಕ್ಕೆ ಒದಗಿ ಬಂದರೆ ಇಡೀ ಹೊಲವೇ ಒಣಗಬಹುದು. 25–30 ಡಿಗ್ರಿ ಸೆಲ್ಸಿಯಸ್ ಬಿಸಿ ಈ ಶಿಲೀಂಧ್ರಕ್ಕೆ ಚೆನ್ನಾಗಿ ಹಿಡಿಸುತ್ತದೆ.

ನನ್ನನ್ನು ಜಾಸ್ತಿ ಕಾಡುವುದು ಅದರ ಹಟ. ದಪ್ಪ ಗೋಡೆಯ ಕಣಗಳಾಗಿ, ಕಡಲೆಯೇ ಇಲ್ಲದ ಮಣ್ಣಲ್ಲೂ 6 ವರ್ಷದವರೆಗೆ ಕಾದು ಕೂರಬಲ್ಲದು. ತೊಗರಿ, ಬಟಾಣಿ, ಮಸೂರದ ಬೇರಲ್ಲಿ ಯಾವ ಲಕ್ಷಣವೂ ತೋರದೆ ಉಳಿಯುತ್ತದೆ. ಎರಡು ವರ್ಷ ಬೇರೆ ಬೆಳೆ ಹಾಕಿದೆವು, ಇನ್ನು ಚಿಂತೆಯಿಲ್ಲ ಅನ್ನುವ ಹಾಗಿಲ್ಲ.

ಹಾಗಾಗಿ ಮಾಡಬೇಕಾದ್ದೆಲ್ಲ ಬಿತ್ತನೆಗೆ ಮುಂಚೆ. ರೋಗ ತಡೆಯುವ ತಳಿ ಆರಿಸುವುದು ಎಲ್ಲಕ್ಕಿಂತ ಮುಖ್ಯ. ಆದರೆ ಈ ಶಿಲೀಂಧ್ರದಲ್ಲೇ 8 ಬಗೆಗಳನ್ನು ಗುರುತಿಸಿದ್ದಾರೆ. ಒಂದು ಕಡೆ ಗಟ್ಟಿಯಾಗಿ ನಿಂತ ತಳಿ ಇನ್ನೊಂದು ಕಡೆ ಸೋಲಬಹುದು. ಸುತ್ತಲಿನ ಹೊಲಗಳಲ್ಲಿ ಯಾವುದು ಉಳಿಯಿತು ಅಂತ ವಿಚಾರಿಸಿಯೇ ಆರಿಸಬೇಕು. ಬೀಜಕ್ಕೆ ಟ್ರೈಕೋಡರ್ಮಾ ಲೇಪಿಸಿದರೆ ಒಂದಷ್ಟು ರಕ್ಷಣೆ ಸಿಗುತ್ತದೆ. ಅದೂ ಶಿಲೀಂಧ್ರವೇ, ಆದರೆ ಗಿಡದ ಪರವಾಗಿ ನಿಲ್ಲುವಂಥದ್ದು.

ರೋಗ ಬೀಜದ ಜೊತೆಗೂ ಸಾಗುತ್ತದೆ. ಕಾಂಡ ಸೀಳಿದಾಗ ಕಂದು ಗೆರೆ ಕಂಡಿತೇ? ಆ ಹೊಲದ ಕಾಳನ್ನು ಬಿತ್ತನೆಗೆ ಎತ್ತಿಡಬೇಡಿ.