ಬೆಂಚಿನ ಮೇಲೆ ಕೂತವರಿಗೂ ಒಂದು ವರ್ಷದ ನಿಷೇಧ

2014ರ ಮಾರ್ಚ್ ಕೊನೆ. ಅಮೆರಿಕದ ಇಂಡಿಯಾನಪೊಲಿಸ್‌ನಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್ ಟೂರ್ನಿ ನಡೆಯುತ್ತಿತ್ತು. ಮಿಷಿಗನ್ ವಿಶ್ವವಿದ್ಯಾಲಯದ ಮಿಚ್ ಮೆಕ್‌ಗ್ಯಾರಿ ಅಂಗಳಕ್ಕೇ ಇಳಿಯಲಿಲ್ಲ. ಬೆನ್ನಿನ ಶಸ್ತ್ರಚಿಕಿತ್ಸೆಯಾಗಿ ಮೂರು ತಿಂಗಳೂ ಕಳೆದಿರದ ಅವರು ಬೆಂಚಿನ ಮೇಲಿದ್ದರು. ಪಂದ್ಯ ಮುಗಿದ ಮೇಲೆ ಮೂತ್ರಪರೀಕ್ಷೆಗೆ ಅವರನ್ನೂ ಕರೆದರು. ಗಾಂಜಾದ ಅಂಶ ಪತ್ತೆಯಾಯಿತು. ಸಿಕ್ಕಿಬಿದ್ದದ್ದು ಮೊದಲ ಸಲವೇ ಆದರೂ ಒಂದು ವರ್ಷ ಆಡುವಂತಿಲ್ಲ ಎಂದಾಯಿತು.

ಇಷ್ಟಾದ ಕೆಲವೇ ವಾರಗಳಲ್ಲಿ, ಕಾಲೇಜು ಕ್ರೀಡೆಯನ್ನು ನಡೆಸುವ ಎನ್‌ಸಿಎಎ ಈ ಶಿಕ್ಷೆಯನ್ನು ಅರ್ಧ ಸೀಸನ್‌ಗೆ ಇಳಿಸಿತು. ಜಾರಿ ಮಾತ್ರ ಆಗಸ್ಟ್‌ನಿಂದ. ಮೆಕ್‌ಗ್ಯಾರಿಯವರ ಮೇಲ್ಮನವಿ ತಿರಸ್ಕಾರಗೊಂಡಿತು. ಅವರು ಕಾಲೇಜು ಬಿಟ್ಟು ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಗೆ ಹೊರಟರು. ತಪ್ಪು ಒಂದೇ, ತಾರೀಖು ಬೇರೆ, ಅಷ್ಟಕ್ಕೇ ಶಿಕ್ಷೆ ಇಮ್ಮಡಿ. ಇದನ್ನು ನ್ಯಾಯ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಎನ್‌ಸಿಎಎ ಪರೀಕ್ಷೆ ಶುರುವಾದದ್ದು 1986ರಲ್ಲಿ. ಮೂತ್ರ ಕೊಡುವಾಗ ಪಕ್ಕದಲ್ಲೊಬ್ಬರು ನಿಂತು ನೋಡುತ್ತಿರುತ್ತಾರೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರೀಡಾಪಟುಗಳು ಇದು ಖಾಸಗಿತನಕ್ಕೆ ಧಕ್ಕೆ ಎಂದು ಕೋರ್ಟಿಗೆ ಹೋದರು. ಕೆಳ ನ್ಯಾಯಾಲಯ ಅವರ ಪರವಾಗಿದ್ದರೂ 1994ರಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ಪರೀಕ್ಷೆಯನ್ನೇ ಎತ್ತಿಹಿಡಿಯಿತು.

ಈ ಪರೀಕ್ಷೆ ಹಿಡಿಯುವುದು ಅಮಲನ್ನಲ್ಲ. ಗಾಂಜಾದಲ್ಲಿ ಅಮಲೇರಿಸುವ ಅಂಶವಾದ ಟಿಎಚ್‌ಸಿ ದೇಹದ ಕೊಬ್ಬಿನಲ್ಲಿ ಸೇರಿಕೊಂಡು ನಿಧಾನವಾಗಿ ಹೊರಬರುತ್ತದೆ. ದಿನವೂ ಸೇದುವವರ ಮೂತ್ರದಲ್ಲಿ ಅದರ ಉಳಿಕೆ ವಾರಗಟ್ಟಲೆ ಇರುತ್ತದೆ. ಆದ್ದರಿಂದ ಎಷ್ಟು ಸಿಕ್ಕರೆ ಅಪರಾಧ ಎಂಬ ಗೆರೆಯೇ ಎಲ್ಲವನ್ನೂ ತೀರ್ಮಾನಿಸುತ್ತದೆ. 2013ರಲ್ಲಿ ಒಲಿಂಪಿಕ್ಸ್‌ಗೂ ನಿಯಮ ಮಾಡುವ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ವಾಡಾ ಆ ಗೆರೆಯನ್ನು ಮಿಲಿಲೀಟರಿಗೆ 15 ನ್ಯಾನೊಗ್ರಾಂನಿಂದ 150ಕ್ಕೆ ಏರಿಸಿತು. ಅದೇ ವರ್ಷ ಎನ್‌ಸಿಎಎ 15ರಿಂದ 5ಕ್ಕೆ ಇಳಿಸಿತು. ಒಲಿಂಪಿಕ್ಸ್‌ನಲ್ಲಿ ಪಾಸಾಗಬಹುದಾದವರು ಕಾಲೇಜು ಟೂರ್ನಿಯಲ್ಲಿ ಫೇಲು! 2022ರಲ್ಲಿ ಎನ್‌ಸಿಎಎ ಕೂಡ 150ಕ್ಕೆ ಬಂದು ನಿಂತಿತು.

ಅಷ್ಟರಲ್ಲಿ ಗಾಂಜಾವನ್ನು ಕಾನೂನುಬದ್ಧಗೊಳಿಸಿದ ರಾಜ್ಯಗಳು ಹೆಚ್ಚಿದ್ದವು. ಗಾಂಜಾದಿಂದ ಆಟ ಚುರುಕಾಗುವುದಿಲ್ಲ, ಹೀಗಿರುವಾಗ ಉದ್ದೀಪನ ಮದ್ದಿನ ಜೊತೆ ಅದನ್ನೇಕೆ ಇಡಬೇಕು ಎಂದು ಸಂಸ್ಥೆಯ ವೈದ್ಯಕೀಯ ಸಮಿತಿಯೇ 2023ರಲ್ಲಿ ಕೇಳಿತು. ದಂಡಿಸುವ ಬದಲು ತಿಳಿವಳಿಕೆ ಮತ್ತು ಚಿಕಿತ್ಸೆ ಕೊಡಬೇಕು ಎಂಬುದು ಅದರ ನಿಲುವು. ಗಾಂಜಾ ನಿರಪಾಯಕಾರಿ ಎಂದು ಅದು ಹೇಳಲಿಲ್ಲ, ನಾನೂ ಹೇಳುವುದಿಲ್ಲ. 2024ರ ಜೂನ್‌ನಲ್ಲಿ ಮೊದಲ ಶ್ರೇಣಿಯಾದ ಡಿವಿಷನ್ 1ರ ನಿಷೇಧಿತ ಪಟ್ಟಿಯಿಂದ ಗಾಂಜಾ ಹೊರಬಿತ್ತು. ಶಿಕ್ಷೆ ಅನುಭವಿಸುತ್ತಿದ್ದವರಿಗೂ ಬಿಡುಗಡೆ ಸಿಕ್ಕಿತು.

ಆದರೆ ಕಾಲೇಜುಗಳ ಸ್ವಂತ ಪರೀಕ್ಷೆಗಳೇ ಬೇರೆ. 2012ರಲ್ಲಿ ಲೂಸಿಯಾನ ಸ್ಟೇಟ್ ವಿಶ್ವವಿದ್ಯಾಲಯ ತನ್ನ ಅಮೆರಿಕನ್ ಫುಟ್‌ಬಾಲ್ ತಾರೆ ಟೈರನ್ ಮ್ಯಾಥ್ಯೂ ಅವರನ್ನು ತಂಡದಿಂದಲೇ ಹೊರಹಾಕಿದ್ದು ಎನ್‌ಸಿಎಎ ಆದೇಶದಿಂದಲ್ಲ, ತನ್ನದೇ ನಿಯಮದಿಂದ. ಗಾಂಜಾ ಸೇದುತ್ತಿದ್ದುದನ್ನು ಮ್ಯಾಥ್ಯೂ ಆಮೇಲೆ ಒಪ್ಪಿಕೊಂಡರು. ಅಂಥ ನಿಯಮ ಮಾಡುವ ಅಧಿಕಾರ ಕಾಲೇಜುಗಳ ಕೈಯಲ್ಲಿ ಈಗಲೂ ಇದೆ. ಸ್ಟೂಡೆಂಟ್ ವೀಸಾದ ಮೇಲೆ ಇಲ್ಲಿಂದ ಹೋದ ಮಕ್ಕಳಿಗೆ ಇನ್ನೊಂದು ಅಪಾಯವಿದೆ: ವಲಸೆ ಕಾನೂನು ಅಮೆರಿಕದ ಕೇಂದ್ರ ಸರ್ಕಾರದ್ದು, ರಾಜ್ಯಗಳದ್ದಲ್ಲ; ಆದ್ದರಿಂದ ಗಾಂಜಾಕ್ಕೆ ಅನುಮತಿಯಿರುವ ರಾಜ್ಯದಲ್ಲಿ ಸೇದಿದರೂ ವೀಸಾಕ್ಕೆ ಕುತ್ತು ಬರಬಹುದು.